ತೆಳ್ಳಗಿನ ಮುನೀಮರ ಮಧುಮೇಹ: ತೂಕ ಇಳಿದರೂ ಊಟದ ನಂತರದ ಸಕ್ಕರೆ ಇಳಿಯದ ಒಂದು ಪ್ರಕರಣ

ಕಲಬುರಗಿಯ ಹುಮನಾಬಾದ್ ರಸ್ತೆಯ ಕಡೆ ಇರುವ ಒಂದು ದಾಲ್ ಮಿಲ್ಲಿನಲ್ಲಿ 18 ವರ್ಷಗಳಿಂದ ಲೆಕ್ಕ ಬರೆಯುತ್ತಿರುವ 42 ವರ್ಷದ ಮುನೀಮರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಮೊದಲು ಬಂದದ್ದು ಸಕ್ಕರೆ ಕಾಯಿಲೆಯ ಅನುಮಾನದಿಂದಲ್ಲ. ಚಪ್ಪಲಿ ಕಚ್ಚಿ ಆದ ಕಾಲಿನ ಗಾಯ ಮೂರು ವಾರ ಕಳೆದರೂ ಮಾಯ್ದಿರಲಿಲ್ಲ. ಅದಕ್ಕೆ ಮುಲಾಮು ಬರೆಸಿಕೊಂಡು ಹೋಗಲು ಫೆಬ್ರುವರಿಯ ಒಂದು ಸಂಜೆ ಹೆಂಡತಿಯ ಜೊತೆ ಬಂದಿದ್ದರು. ಗಾಯ ನೋಡಿದ ಕೂಡಲೇ ರಕ್ತ ಪರೀಕ್ಷೆ ಬರೆದುಕೊಟ್ಟೆ. ಮರುದಿನ ವರದಿ ಹಿಡಿದು ಬಂದವರ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಅಪನಂಬಿಕೆಯಿತ್ತು. "ನಾ ಇಷ್ಟ್ ಸಣ್ಣ ಅದೀನ್ರಿ ಸಾಹೇಬ್ರ, ನನಗ್ಯಾಕ ಸಕ್ರಿ ಬ್ಯಾನಿ ಬರ್ತದ್ರಿ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಸಾಕಷ್ಟಿರಲಿಲ್ಲ. ಮುಂದಿನ ಒಂದು ವರ್ಷದಲ್ಲಿ ಅವರ ದೇಹವೇ ಅದಕ್ಕೆ ವಿವರವಾದ ಉತ್ತರ ಕೊಟ್ಟಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೆಸರನ್ನು ಬಿಟ್ಟು, ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಪರೀಕ್ಷೆ

ಎತ್ತರ 168 ಸೆಂ.ಮೀ., ತೂಕ 61 ಕಿಲೋ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ 21.6. ಭಾರತೀಯರಿಗೆ 23ರಿಂದ ಅಧಿಕ ತೂಕ ಎಂದು ಲೆಕ್ಕ ಹಿಡಿಯುವ ಬಿಗಿಯಾದ ಮಿತಿಯ ಪ್ರಕಾರವೂ ಇವರು ಆರೋಗ್ಯವಂತರ ಸಾಲಿನಲ್ಲೇ ನಿಲ್ಲುತ್ತಾರೆ. ಆದರೆ ಅಂಗಿ ಎತ್ತಿಸಿ ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿದಾಗ 93 ಸೆಂ.ಮೀ. ಬಂತು, ನಮ್ಮ ಗಂಡಸರಿಗೆ ಅದು 90ರ ಒಳಗಿರಬೇಕು. ತೊಡೆಯ ನಡುಭಾಗದ ಸುತ್ತಳತೆ 47 ಸೆಂ.ಮೀ. ಮಾತ್ರ. ತೋಳುಗಳು ಸಣ್ಣವು, ಹೆಗಲ ಮೂಳೆ ಎದ್ದು ಕಾಣುತ್ತಿತ್ತು, ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು. ರಕ್ತದೊತ್ತಡ 132/84. ಬರಿಹೊಟ್ಟೆಯ ಗ್ಲೂಕೋಸ್ 138, ಊಟವಾಗಿ ಎರಡು ಗಂಟೆಯ ನಂತರ 246, ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 7.8. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 268, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 33. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಲಿವರಿನಲ್ಲಿ ಕೊಬ್ಬು ತುಂಬಿರುವುದು ಸ್ಪಷ್ಟವಾಗಿತ್ತು. ಮದ್ಯದ ಅಭ್ಯಾಸ ಇಲ್ಲ, ತಂಬಾಕು ಇಲ್ಲ. ತಾಯಿಗೆ ಮಧುಮೇಹವಿತ್ತು, ಆಳಂದ ತಾಲೂಕಿನ ಹಳ್ಳಿಯಲ್ಲಿರುವ ತಂದೆಗೆ 71 ವರ್ಷವಾದರೂ ಇಲ್ಲ.

ತೆಳ್ಳಗಿರುವವರಿಗೆ ಮಧುಮೇಹ ಬಂದಾಗ ವೈದ್ಯರು ಒಂದು ಕ್ಷಣ ನಿಂತು ಯೋಚಿಸಲೇಬೇಕು. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹವೇ ನಾಶ ಮಾಡುವ ಬಗೆಯ ಮಧುಮೇಹ ದೊಡ್ಡವರಲ್ಲಿಯೂ ನಿಧಾನವಾಗಿ ಶುರುವಾಗಬಲ್ಲದು; ಗ್ರಂಥಿಯ ಹಳೆಯ ಉರಿಯೂತದಿಂದಲೂ, ಅಪರೂಪಕ್ಕೆ ಅದರ ಗಂತಿಯಿಂದಲೂ ಸಕ್ಕರೆ ಏರುತ್ತದೆ. ಅಂಥವರಿಗೆ ಇನ್ಸುಲಿನ್ ಕೊಡದೆ ಮಾತ್ರೆಯಲ್ಲೇ ಕಾಲ ಕಳೆದರೆ ಅಪಾಯ. ಹಾಗಾಗಿ ದೇಹ ತನ್ನ ಕೋಶಗಳ ಮೇಲೆಯೇ ಎರಗಿದೆಯೇ ಎಂದು ತಿಳಿಸುವ ಜಿಎಡಿ ಪ್ರತಿಕಾಯವನ್ನೂ ಸಿ-ಪೆಪ್ಟೈಡನ್ನೂ ಪರೀಕ್ಷೆ ಮಾಡಿಸಿದೆ. ದೇಹ ಒಂದು ಇನ್ಸುಲಿನ್ ಕಣವನ್ನು ಬಿಡುಗಡೆ ಮಾಡಿದಾಗಲೆಲ್ಲ ಒಂದು ಸಿ-ಪೆಪ್ಟೈಡ್ ಕಣವೂ ಹೊರಬರುವುದರಿಂದ, ಗ್ರಂಥಿ ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಪ್ರತಿಕಾಯ ಇರಲಿಲ್ಲ. ಸಿ-ಪೆಪ್ಟೈಡ್ 3.4, ಬರಿಹೊಟ್ಟೆಯ ಇನ್ಸುಲಿನ್ 18. ಇವೆರಡೂ ಕಡಿಮೆಯಿರಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಬರಿಹೊಟ್ಟೆಯ ಗ್ಲೂಕೋಸನ್ನು ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸಿದರೆ ಸಿಗುವ, ಇನ್ಸುಲಿನ್ನಿಗೆ ದೇಹ ಓಗೊಡದಿರುವುದನ್ನು (ಇನ್ಸುಲಿನ್ ಪ್ರತಿರೋಧ) ಸೂಚಿಸುವ ಸೂಚ್ಯಂಕ 6.1 ಬಂತು, ಅದು ಹೆಚ್ಚು. ಇನ್ಸುಲಿನ್ ಅಳೆಯುವ ವಿಧಾನ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುವುದರಿಂದ ಈ ಸೂಚ್ಯಂಕವನ್ನು ಎಲ್ಲ ರೋಗಿಗಳಿಗೂ ಮಾಡಿಸುವ ಅಗತ್ಯವಿಲ್ಲ. ಇಲ್ಲಿ ಮಾತ್ರ ಅದು ಗೊಂದಲ ಬಿಡಿಸಿತು. ಇವರ ದೇಹದಲ್ಲಿ ಇನ್ಸುಲಿನ್ನಿಗೆ ಬರವಿರಲಿಲ್ಲ, ಇನ್ಸುಲಿನ್ನಿನ ಮಾತನ್ನು ಕೇಳುವವರಿರಲಿಲ್ಲ.

ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಇಳಿಸುವ ಮಾತ್ರೆಯನ್ನು 500 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಬಾರಿ ಶುರು ಮಾಡಿ, ಗಾಯಕ್ಕೆ ಚಿಕಿತ್ಸೆ ಕೊಟ್ಟು, ಎಲ್ಲರಿಗೂ ಕೊಡುವ ಅಚ್ಚಾದ ಸಲಹಾ ಚೀಟಿಯನ್ನು ಅವರಿಗೂ ಕೊಟ್ಟೆ: ತೂಕ ಇಳಿಸಿ, ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ನಡೆಯಿರಿ. ಈ ಪ್ರಕರಣದಲ್ಲಿ ತಪ್ಪಾದದ್ದು ಅಲ್ಲಿಯೇ, ಮತ್ತು ಆ ತಪ್ಪು ನನ್ನದು. ಬಿಎಂಐ 21.6 ಇರುವ ಮನುಷ್ಯನಿಗೆ "ತೂಕ ಇಳಿಸಿ" ಎಂದಷ್ಟೇ ಹೇಳಿ ಕಳಿಸಿದ್ದೆ. ಅವನು ಯಾವುದನ್ನು ಇಳಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನಾನು ಬರೆದಿರಲಿಲ್ಲ.

ಮೂರು ತಿಂಗಳ ನಂತರ

ಅವರು ಲೆಕ್ಕದ ಮನುಷ್ಯ. ಚೀಟಿಯನ್ನು ಅಕ್ಷರಶಃ ಪಾಲಿಸಿದ್ದರು. ಬೆಳಗಿನ ಸುಸಲಾ ಮತ್ತು ಮಿರ್ಚಿ ಭಜಿ ಬಿಟ್ಟರು, ಅದು ಒಳ್ಳೆಯದೇ. ಆದರೆ ಅದರ ಜಾಗದಲ್ಲಿ ಎರಡು ಹೋಳು ಪಪ್ಪಾಯಿ, ಮಧ್ಯಾಹ್ನ ಒಂದೇ ರೊಟ್ಟಿ ಮತ್ತು ಪುಂಡಿ ಪಲ್ಯ, ರಾತ್ರಿ ತೆಳುವಾದ ಜೋಳದ ಗಂಜಿ. ಬೇಳೆಯಿಂದ ವಾಯು ಆಗುತ್ತದೆಂದು ಯಾರೋ ಹೇಳಿದ ಮಾತು ನಂಬಿ ಗಟ್ಟಿ ಬೇಳೆಯನ್ನೂ, ಕೊಬ್ಬು ಎಂದು ಹೆದರಿ ಶೇಂಗಾ ಹಿಂಡಿಯನ್ನೂ ಹಾಲನ್ನೂ ಬಿಟ್ಟಿದ್ದರು. ಮೇ ತಿಂಗಳ ಹೊತ್ತಿಗೆ ತೂಕ 61ರಿಂದ 56ಕ್ಕೆ ಇಳಿದಿತ್ತು. ಮನೆಯವರೆಲ್ಲ ಮೆಚ್ಚಿದ್ದರು. ಮೆಚ್ಚದೆ ಇದ್ದವರು ಅವರ ಹೆಂಡತಿ ಒಬ್ಬರೇ. ಗಂಡನ ಸೊಂಟದತ್ತ ಕೈ ತೋರಿಸಿ ಆಕೆ ಹೇಳಿದ ಮಾತು ನನ್ನ ಕಣ್ಣು ತೆರೆಸಿತು: "ಅಂಗಿ ನೋಡ್ರಿ ಸಾಹೇಬ್ರ, ಹೆಗಲ ಮ್ಯಾಲ ನಿಂದ್ರವಲ್ದು. ಬೆಲ್ಟಿನ ತೂತು ಮಾತ್ರ ಮೊದಲಿಂದೇ ಅದ."

ಬೆಲ್ಟನ್ನು ಬಿಚ್ಚಿಸಿ ನೋಡಿದೆ. ಮೂರನೆಯ ತೂತಿನ ಸುತ್ತ ಚರ್ಮ ಸುಕ್ಕುಗಟ್ಟಿ ಕಪ್ಪಾಗಿ, ವರ್ಷಗಳಿಂದ ಅಲ್ಲಿಯೇ ಬಿಗಿದ ಗುರುತು ಆಳವಾಗಿ ಬಿದ್ದಿತ್ತು. ನಾಲ್ಕನೆಯ ತೂತಿಗೆ ಕೊಂಡಿ ತಾಕಿದ ಗೆರೆಯೇ ಇರಲಿಲ್ಲ. ಅಳೆದಾಗ ಸೊಂಟ 93ರಿಂದ 91.5ಕ್ಕೆ ಬಂದಿತ್ತು. ತೊಡೆ 47ರಿಂದ 43.5ಕ್ಕೆ ಕುಗ್ಗಿತ್ತು. ಮೊದಲ ಭೇಟಿಯಲ್ಲಿ 29 ಕಿಲೋ ಇದ್ದ ಬಲಗೈ ಹಿಡಿತ 25ಕ್ಕೆ ಇಳಿದಿತ್ತು. ಏಷ್ಯಾದ ಗಂಡಸರಲ್ಲಿ 28ಕ್ಕಿಂತ ಕಡಿಮೆಯಿದ್ದರೆ ಸ್ನಾಯುಬಲ ಕುಂದಿದೆ ಎಂದು ಲೆಕ್ಕ. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಅವರಿಗೆ 13.8 ಸೆಕೆಂಡು ಹಿಡಿಯಿತು. 12 ಸೆಕೆಂಡು ದಾಟಿದರೆ ಅದೂ ದೌರ್ಬಲ್ಯದ ಗುರುತೇ. ಅವರು ಕಳೆದುಕೊಂಡ 5 ಕಿಲೋದಲ್ಲಿ ಬಹುಪಾಲು ತೊಡೆ, ಪೃಷ್ಠ ಮತ್ತು ತೋಳುಗಳಿಂದ ಹೋಗಿತ್ತೆಂದು ಈ ಅಳತೆಗಳಿಂದ ಊಹಿಸುವುದು ಕಷ್ಟವಿರಲಿಲ್ಲ.

ರಕ್ತದ ವರದಿ ಇನ್ನೂ ಕುತೂಹಲಕಾರಿಯಾಗಿತ್ತು. ಬರಿಹೊಟ್ಟೆಯ ಗ್ಲೂಕೋಸ್ 138ರಿಂದ 116ಕ್ಕೆ ಚೆನ್ನಾಗಿ ಇಳಿದಿತ್ತು. ಆದರೆ ಎರಡು ರೊಟ್ಟಿ, ಪಲ್ಯ, ಒಂದು ಬಟ್ಟಲು ಅನ್ನ ಉಂಡು ಎರಡು ಗಂಟೆಯ ಬಳಿಕ ತೆಗೆದ ರಕ್ತದಲ್ಲಿ 238 ಇತ್ತು, ಮೊದಲಿಗಿಂತ ಎಂಟೇ ಕಡಿಮೆ. ಎಚ್‌ಬಿಎ1ಸಿ 7.4. ಒಂದೇ ದೇಹ, ಒಂದೇ ಮಾತ್ರೆ. ಒಂದು ಸಂಖ್ಯೆ ಇಳಿಯಿತು, ಇನ್ನೊಂದು ನಿಂತಲ್ಲೇ ನಿಂತಿತು. ಈ ಎರಡು ಸಂಖ್ಯೆಗಳ ಹಿಂದೆ ಎರಡು ಬೇರೆ ಅಂಗಗಳಿವೆ ಎಂಬುದನ್ನು ವಿವರಿಸದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಕೊಬ್ಬು ಎಲ್ಲಿ ಕೂರುತ್ತದೆ

ನಮ್ಮ ಭಾಗದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ದೊಡ್ಡದಿದ್ದ ಮನೆಯಲ್ಲಿ ಎಷ್ಟು ಬೆಳೆ ಬಂದರೂ ಪಡಸಾಲೆ ಖಾಲಿಯಿರುತ್ತಿತ್ತು. ಹಗೇವು ಸಣ್ಣದಾದರೆ ಚೀಲಗಳು ಪಡಸಾಲೆಗೆ, ಅಡುಗೆಮನೆಗೆ, ಕೊನೆಗೆ ದೇವರ ಕೋಣೆಗೂ ಬಂದು ಕೂರುತ್ತಿದ್ದವು. ಚರ್ಮದ ಕೆಳಗಿನ ಕೊಬ್ಬು, ಅದರಲ್ಲಿಯೂ ತೊಡೆ ಮತ್ತು ಪೃಷ್ಠದ ಕೊಬ್ಬು, ದೇಹದ ಹಗೇವು ಇದ್ದಂತೆ. ಉಂಡದ್ದರಲ್ಲಿ ಖರ್ಚಾಗದೆ ಉಳಿದದ್ದನ್ನು ಅದು ಟ್ರೈಗ್ಲಿಸರೈಡ್ ರೂಪದಲ್ಲಿ ಸುರಕ್ಷಿತವಾಗಿ ಮುಚ್ಚಿಡುತ್ತದೆ. ಹಸಿವಾದಾಗ ಮಾತ್ರ ತೆರೆಯುತ್ತದೆ, ಊಟವಾದ ಮೇಲೆ ಇನ್ಸುಲಿನ್ ಬಂದು ಅದರ ಬಾಯಿ ಮುಚ್ಚಿಸುತ್ತದೆ. ಈ ಹಗೇವು ತುಂಬಿ, ಅದರ ಕೋಶಗಳು ಹಿಗ್ಗಿ, ಇನ್ಸುಲಿನ್ನಿನ ಮಾತಿಗೆ ಬಾಯಿ ಮುಚ್ಚದ ಸ್ಥಿತಿ ಬಂದಾಗ ಕೊಬ್ಬಿನಾಮ್ಲಗಳು ಹಗಲು ರಾತ್ರಿ ರಕ್ತಕ್ಕೆ ಸೋರತೊಡಗುತ್ತವೆ. ಅವು ಹೋಗಿ ಸೇರುವ ಜಾಗಗಳು ಕೊಬ್ಬಿಗಾಗಿ ಕಟ್ಟಿದ ಜಾಗಗಳಲ್ಲ: ಕರುಳಿನ ಸುತ್ತ, ಲಿವರಿನ ಒಳಗೆ, ಸ್ನಾಯುವಿನ ಎಳೆಗಳ ಒಳಗೆ.

ಕೊಬ್ಬು ಹೆಚ್ಚಾದುದೇ ಎಲ್ಲದಕ್ಕೂ ಕಾರಣವಾಗಿದ್ದರೆ, ಕೊಬ್ಬೇ ಇಲ್ಲದವರಿಗೆ ಮಧುಮೇಹ ಬರಬಾರದಿತ್ತು. ಆದರೆ ಲಿಪೊಡಿಸ್ಟ್ರೋಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಚರ್ಮದ ಕೆಳಗಿನ ಕೊಬ್ಬು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಕೈಕಾಲಿನ ರಕ್ತನಾಳಗಳು ಎದ್ದು ಕಾಣುತ್ತವೆ. ಅವರಿಗೇ ಅತ್ಯಂತ ತೀವ್ರವಾದ ಇನ್ಸುಲಿನ್ ಪ್ರತಿರೋಧ, ಲಿವರಿನ ಕೊಬ್ಬು ಮತ್ತು ಏರಿದ ಟ್ರೈಗ್ಲಿಸರೈಡ್ ಇರುತ್ತದೆ. ಹಗೇವೇ ಇಲ್ಲದ ಮನೆಯ ಕಥೆ ಅದು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯವೆಂದು ಮಾರ್ಸೇಲ್‌ನ ವೈದ್ಯ ಜಾನ್ ವಾಗ್ 1947ರಲ್ಲಿಯೇ ಬರೆದಿದ್ದರು.

ನಮ್ಮವರ ಮಟ್ಟಿಗೆ ಈ ವಿಷಯವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಚಿತ್ರ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ ಕೂಡ 22.3. ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರ ದೇಹದಲ್ಲಿ ಶೇ. 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ. 21.2. ಯಾಜ್ಞಿಕ್ ಅವರ ತಂಡವೇ ಪುಣೆಯ ಸುತ್ತಲಿನ ಹಳ್ಳಿಗಳ ಹಸುಗೂಸುಗಳನ್ನು ಅಳೆದು, ಸರಾಸರಿ 2.7 ಕಿಲೋ ತೂಗುವ ಆ ಶಿಶುಗಳಲ್ಲಿ ಸ್ನಾಯು ಕಡಿಮೆಯಿದ್ದರೂ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ ಎಂದು ತೋರಿಸಿತು. ನೋಟಕ್ಕೆ ತೆಳ್ಳಗೆ, ಒಳಗೆ ಕೊಬ್ಬು ಎಂಬ ನಮ್ಮ ಮೈಕಟ್ಟಿನ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆ. ನಮ್ಮ ಮುನೀಮರ 21.6 ಎಂಬ ಸಂಖ್ಯೆ ಅವರನ್ನೂ ನನ್ನನ್ನೂ ನೆಮ್ಮದಿಯಾಗಿಟ್ಟದ್ದು ಇದೇ ಕಾರಣಕ್ಕೆ.

ಸ್ನಾಯು ಮತ್ತು ಲಿವರ್

ಈಗ ಎರಡು ಸಂಖ್ಯೆಗಳಿಗೆ ಬರೋಣ. ರಾತ್ರಿಯೆಲ್ಲ ಉಪವಾಸವಿದ್ದಾಗ ರಕ್ತದ ಸಕ್ಕರೆಯನ್ನು ಒದಗಿಸುವುದು ಮುಖ್ಯವಾಗಿ ಲಿವರ್. ಇನ್ಸುಲಿನ್ ಇದ್ದರೆ ಅದು ಸಾಕುಮಾಡಬೇಕು. ಕೊಬ್ಬು ತುಂಬಿದ ಲಿವರ್ ಸಾಕುಮಾಡುವುದಿಲ್ಲ. ಆದರೆ ಅದೇ ಲಿವರ್ ಇನ್ಸುಲಿನ್ನಿನ ಇನ್ನೊಂದು ಆಜ್ಞೆಯನ್ನು, ಅಂದರೆ ಕೊಬ್ಬು ತಯಾರಿಸು ಎಂಬುದನ್ನು, ತಪ್ಪದೆ ಪಾಲಿಸುತ್ತಿರುತ್ತದೆ. ಹೀಗಾಗಿ ಸಕ್ಕರೆಯೂ ಹೆಚ್ಚು, ಟ್ರೈಗ್ಲಿಸರೈಡೂ ಹೆಚ್ಚು. ಲಿವರಿನ ಕೊಬ್ಬಿಗೆ ಒಂದು ಗುಣವಿದೆ: ಊಟ ಕಡಿಮೆಯಾದರೆ ಅದು ಬೇಗ ಕರಗುತ್ತದೆ. ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅವರ ತಂಡ 2011ರಲ್ಲಿ ಅತಿ ಕಡಿಮೆ ಕ್ಯಾಲೊರಿಯ ಆಹಾರದಲ್ಲಿದ್ದ ಮಧುಮೇಹಿಗಳ ಬರಿಹೊಟ್ಟೆಯ ಗ್ಲೂಕೋಸ್ ಒಂದೇ ವಾರದಲ್ಲಿ ಸಹಜಕ್ಕೆ ಬಂದುದನ್ನು ದಾಖಲಿಸಿತು. ನಮ್ಮ ಮುನೀಮರ 138, 116 ಆಗಿದ್ದು ಈ ದಾರಿಯಲ್ಲಿಯೇ. ಲಿವರಿನ ಮೇಲೆಯೇ ಮುಖ್ಯವಾಗಿ ಕೆಲಸ ಮಾಡುವ ಮೆಟ್‌ಫಾರ್ಮಿನ್ನಿನ ಪಾಲೂ ಅದರಲ್ಲಿದೆ. ಅವರ ಅರೆಹೊಟ್ಟೆ ಪೂರ್ತಿ ವ್ಯರ್ಥವಾಗಿತ್ತೆಂದು ನಾನು ಹೇಳುವುದಿಲ್ಲ.

ಊಟದ ನಂತರದ ಸಕ್ಕರೆಯ ಕಥೆ ಬೇರೆ. ರಕ್ತದಲ್ಲಿ ಇನ್ಸುಲಿನ್ನನ್ನೂ ಗ್ಲೂಕೋಸನ್ನೂ ಹನಿಹನಿಯಾಗಿ ಹರಿಸಿ ಒಂದೇ ಮಟ್ಟದಲ್ಲಿ ಹಿಡಿದಿಡುವ ಕ್ಲ್ಯಾಂಪ್ ಎಂಬ ಪರೀಕ್ಷೆಯಲ್ಲಿ, ಇನ್ಸುಲಿನ್ ಒಳಗೆ ತಳ್ಳಿದ ಗ್ಲೂಕೋಸಿನ ಶೇ. 70ರಿಂದ 80ರಷ್ಟನ್ನು ಸ್ನಾಯುಗಳೇ ಹೀರುತ್ತವೆ. ಸಾಮಾನ್ಯ ಊಟದಲ್ಲಿ ಲಿವರಿನ ಪಾಲು ಹೆಚ್ಚಿರುವುದರಿಂದ ಸ್ನಾಯುವಿನ ಪಾಲು ಅಷ್ಟಿರುವುದಿಲ್ಲ; ಆದರೂ ಉಂಡ ಹಿಟ್ಟು ಹೋಗಿ ಸೇರುವ ದೊಡ್ಡ ಗೋದಾಮು ಅದೇ. ಲಿವರ್ ಸುಮಾರು 100 ಗ್ರಾಂ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ಇಟ್ಟುಕೊಂಡರೆ ಸ್ನಾಯುಗಳೆಲ್ಲ ಸೇರಿ 400 ಗ್ರಾಂನಷ್ಟು ಇಟ್ಟುಕೊಳ್ಳುತ್ತವೆ. ಸ್ನಾಯುಕೋಶದ ಒಳಗೆ ಗ್ಲುಟ್-4 ಎಂಬ ಬಾಗಿಲುಗಳು ಸುತ್ತಿಟ್ಟಂತೆ ಇರುತ್ತವೆ. ಇನ್ಸುಲಿನ್ ಬಂದು ತಟ್ಟಿದಾಗ ಅವು ಕೋಶದ ಅಂಚಿಗೆ ಬಂದು ತೆರೆದುಕೊಳ್ಳುತ್ತವೆ, ಗ್ಲೂಕೋಸ್ ಒಳಗೆ ಬರುತ್ತದೆ.

ಈ ತಟ್ಟುವಿಕೆ ಕೇಳಿಸದಂತೆ ಮಾಡುವುದು ಕೊಬ್ಬು. ಕೊಬ್ಬಿನಾಮ್ಲ ಹೆಚ್ಚಾಗಿ ಉರಿಯುತ್ತಿದ್ದರೆ ಸ್ನಾಯು ಗ್ಲೂಕೋಸ್ ಬಳಸುವುದನ್ನು ಕಡಿಮೆ ಮಾಡುತ್ತದೆ ಎಂದು ಫಿಲಿಪ್ ರ್‍ಯಾಂಡಲ್ ಮತ್ತು ಸಂಗಡಿಗರು 1963ರಲ್ಲಿ ತೋರಿಸಿದರು. ಎರಡು ಇಂಧನಗಳ ನಡುವಿನ ಪೈಪೋಟಿ ಎಂದು ಅದನ್ನು ತಿಳಿಯಲಾಗಿತ್ತು. ಮುಂದೆ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಅವರ ತಂಡ ಕಾಂತೀಯ ಅನುರಣನದ ಮೂಲಕ ಬದುಕಿರುವ ಮನುಷ್ಯರ ಸ್ನಾಯುವಿನೊಳಗೇ ನೋಡಿ, ತೊಡಕು ಇನ್ನೂ ಮೊದಲೇ, ಬಾಗಿಲ ಹಂತದಲ್ಲಿಯೇ ಇದೆ ಎಂದು ಹೇಳಿತು. ಎಳೆಗಳ ಒಳಗೆ ಉರಿಯದೆ ಉಳಿದ ಕೊಬ್ಬಿನಿಂದ ಡೈಅಸೈಲ್‌ಗ್ಲಿಸರಾಲ್ ಎಂಬ ವಸ್ತು ಶೇಖರವಾಗುತ್ತದೆ, ಅದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಕೆರಳಿಸುತ್ತದೆ, ಆ ಕಿಣ್ವ ಇನ್ಸುಲಿನ್ನಿನ ಸಂದೇಶವನ್ನು ನಡುದಾರಿಯಲ್ಲಿ ತಡೆಯುತ್ತದೆ. ಸೆರಮೈಡ್‌ಗಳೆಂಬ ಇನ್ನೊಂದು ಬಗೆಯ ಕೊಬ್ಬನ್ನೂ ಇದಕ್ಕೆ ಹೊಣೆ ಮಾಡುವವರಿದ್ದಾರೆ. ವಿದ್ವಾಂಸರಲ್ಲಿ ಆ ಚರ್ಚೆ ನಡೆದೇ ಇದೆ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಚಿತ್ರ ತಪ್ಪಾಗುತ್ತದೆ. ದೂರ ಓಡುವ ಕ್ರೀಡಾಪಟುಗಳ ಸ್ನಾಯುವಿನಲ್ಲಿಯೂ ಕೊಬ್ಬು ಮಧುಮೇಹಿಗಳಷ್ಟೇ ಇರುತ್ತದೆ ಎಂದು 2001ರಲ್ಲಿ ಗುಡ್‌ಪಾಸ್ಟರ್ ಮತ್ತು ಸಂಗಡಿಗರು ಕಂಡರು. ಆದರೂ ಅವರ ದೇಹ ಇನ್ಸುಲಿನ್ನಿಗೆ ಚುರುಕಾಗಿ ಓಗೊಡುತ್ತದೆ. ಅವರಲ್ಲಿ ಆ ಕೊಬ್ಬು ಪ್ರತಿದಿನ ಉರಿದು ಪ್ರತಿದಿನ ತುಂಬುತ್ತದೆ. ಹರಿಯುವ ಹಳ್ಳಕ್ಕೂ ನಿಂತ ನೀರಿಗೂ ಇರುವ ಅಂತರ ಅದು. ನಮ್ಮ ಮುನೀಮರ ತೊಡೆ ಬೆಳಗಿನ 9ರಿಂದ ರಾತ್ರಿ 8ರವರೆಗೆ ಗಾದಿಯ ಮೇಲೆ ಮಡಚಿಕೊಂಡೇ ಇರುತ್ತಿತ್ತು. ಅಲ್ಲಿ ಏನೂ ಹರಿಯುತ್ತಿರಲಿಲ್ಲ. ಮೂರು ತಿಂಗಳ ಅರೆಹೊಟ್ಟೆಯಲ್ಲಿ ಗೋದಾಮಿನ ಗೋಡೆಯೇ ಕುಸಿದು ಚಿಕ್ಕದಾಗಿತ್ತು. ಊಟದ ಸಕ್ಕರೆಗೆ ಹೋಗಲು ಜಾಗ ಎಲ್ಲಿಯದು?

ಅದೇ ಮಿಲ್ಲಿನ ಹಮಾಲ

ಮೇ ತಿಂಗಳ ಆ ಭೇಟಿಗೆ ಅವರನ್ನು ಬೈಕಿನಲ್ಲಿ ಕರೆತಂದವರು ಅದೇ ಮಿಲ್ಲಿನ ಹಮಾಲರೊಬ್ಬರು, ವಯಸ್ಸು 44. "ನಂದೂ ಒಮ್ಮೆ ನೋಡೇ ಬಿಡ್ರಿ ಸಾಹೇಬ್ರ" ಎಂದು ತಾವಾಗಿಯೇ ಕೇಳಿದರು. ಎತ್ತರ 165, ತೂಕ 66 ಕಿಲೋ, ಬಿಎಂಐ 24.2. ನಮ್ಮ ಪಟ್ಟಿಯ ಪ್ರಕಾರ ಅಧಿಕ ತೂಕದವರು ಇವರೇ. ಸೊಂಟ 85, ತೊಡೆ 55. ಮಧ್ಯಾಹ್ನ ನಾಲ್ಕು ಜೋಳದ ರೊಟ್ಟಿ, ದಿನಕ್ಕೆ ಐದಾರು ಕಪ್ ಸಕ್ಕರೆ ಹಾಕಿದ ಚಹಾ. ಬರಿಹೊಟ್ಟೆಯಲ್ಲಿ 91, ಊಟದ ನಂತರ 112, ಟ್ರೈಗ್ಲಿಸರೈಡ್ 118. ದಿನಕ್ಕೆ ಎಷ್ಟೋ ಸಲ 50 ಕಿಲೋದ ಚೀಲವನ್ನು ಬೆನ್ನಿಗೇರಿಸಿ ಲಾರಿಗೆ ಹತ್ತುವ ತೊಡೆಗಳು ಗ್ಲೂಕೋಸನ್ನು ಹೇಗೆ ನುಂಗುತ್ತವೆ ಎಂಬುದಕ್ಕೆ ನನಗೆ ಬೇರೆ ಪಾಠ ಬೇಕಿರಲಿಲ್ಲ. ಇಬ್ಬರ ವಂಶ ಬೇರೆ, ಆದ್ದರಿಂದ ಈ ಹೋಲಿಕೆಯಿಂದ ಏನನ್ನೂ ಸಾಬೀತು ಮಾಡಲಾಗದು. ಹಮಾಲಿ ಕೆಲಸ ಬೆನ್ನು ಮತ್ತು ಮೊಣಕಾಲಿಗೆ ಮಾಡುವ ಹಾನಿಯನ್ನೂ ನಾನು ದಿನವೂ ನೋಡುತ್ತೇನೆ. ಆದರೆ ಸ್ನಾಯು ಸಂಕುಚಿಸಿದಾಗ ಗ್ಲುಟ್-4 ಬಾಗಿಲು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಬೇರೊಂದು ದಾರಿಯಿಂದ ತೆರೆಯುತ್ತದೆ ಎಂಬ ಪುಸ್ತಕದ ಮಾತು, ಒಂದೇ ಅಂಗಳದಲ್ಲಿ ದುಡಿಯುವ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ನೋಡಿದಾಗ ಕಣ್ಣಿಗೆ ಕಂಡಿತು. ಪ್ರತಿರೋಧ ಇರುವವರಲ್ಲಿಯೂ ಆ ಎರಡನೆಯ ದಾರಿ ಬಹುಮಟ್ಟಿಗೆ ಕೆಡದೆ ಉಳಿದಿರುತ್ತದೆ. ಮುನೀಮರ ಚಿಕಿತ್ಸೆಗೆ ನಾವು ಹಿಡಿದದ್ದು ಅದನ್ನೇ.

ಎರಡನೆಯ ಯೋಜನೆ

ಅಚ್ಚಾದ ಚೀಟಿ ಬದಿಗಿಟ್ಟು ಹೊಸದನ್ನು ಕೈಯಲ್ಲಿ ಬರೆದೆ. ಮೊದಲು ಕಣ್ಣಿನ ಪರದೆ, ಪಾದದ ಸ್ಪರ್ಶ, ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ನೋಡಿದೆವು. ಕಣ್ಣಿನಲ್ಲಿ ರಕ್ತನಾಳದ ತೊಂದರೆಯಿದ್ದರೆ ಭಾರ ಎತ್ತಿಸಬಾರದು, ಕಿಡ್ನಿಯಲ್ಲಿ ತೊಂದರೆಯಿದ್ದರೆ ಪ್ರೋಟೀನನ್ನು ಯೋಚಿಸದೆ ಏರಿಸಬಾರದು. ಎಲ್ಲವೂ ಸರಿಯಿತ್ತು, ಗಾಯವೂ ಮಾಯ್ದಿತ್ತು. ಮೆಟ್‌ಫಾರ್ಮಿನ್ ಪ್ರಮಾಣವನ್ನು ಬೇಕೆಂದೇ ಬದಲಿಸಲಿಲ್ಲ, ಮುಂದಿನ ಬದಲಾವಣೆ ಯಾವುದರಿಂದ ಆಯಿತೆಂದು ತಿಳಿಯಬೇಕಿತ್ತು. ಹಾಲು ಬಿಟ್ಟಿದ್ದ ಸಸ್ಯಾಹಾರಿಯಾದ್ದರಿಂದ, ಮತ್ತು ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಬಿ12 ಕಡಿಮೆಯಾಗುವುದರಿಂದ, ಅದನ್ನೂ ಪರೀಕ್ಷಿಸಿ ಮಾತ್ರೆ ಸೇರಿಸಿದೆ.

ಊಟದ ಲೆಕ್ಕವನ್ನು ಅವರ ಹೆಂಡತಿಯ ಜೊತೆ ಕೂತು ಮಾಡಿದೆವು. ಮೂರು ತಿಂಗಳು ಅವರು ತಿಂದದ್ದರಲ್ಲಿ ದಿನಕ್ಕೆ 25 ಗ್ರಾಂ ಪ್ರೋಟೀನ್ ಸಹ ಕಷ್ಟದಿಂದ ಸಿಕ್ಕಿತ್ತು. ಕಿಲೋ ತೂಕಕ್ಕೆ 0.83 ಗ್ರಾಂ ಎಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸಿನಂತೆ ಅವರಿಗೆ ಕನಿಷ್ಠ 46 ಗ್ರಾಂ ಬೇಕು, ಕಳೆದ ಸ್ನಾಯುವನ್ನು ಕಟ್ಟಬೇಕಾದರೆ ಇನ್ನೂ ಸ್ವಲ್ಪ ಹೆಚ್ಚು. ಮೊಟ್ಟೆ ಮುಟ್ಟದ ಮನೆ. ಆದರೆ ತೊಗರಿಯ ಕಣಜವೆನಿಸಿದ, 2019ರಲ್ಲಿ ತನ್ನ ತೊಗರಿಗೆ ಭೌಗೋಳಿಕ ಗುರುತು ಪಡೆದ ಜಿಲ್ಲೆಯಲ್ಲಿ ಪ್ರೋಟೀನಿಗೆ ಡಬ್ಬಿಯ ಪುಡಿ ಬರೆಯಬೇಕಾಗಿಲ್ಲ. 60 ಗ್ರಾಂ ತೊಗರಿ ಬೇಳೆಯನ್ನು ತಿಳಿಸಾರು ಮಾಡದೆ ಗಟ್ಟಿಯಾಗಿ ಬೇಯಿಸಿದರೆ 13 ಗ್ರಾಂ, ಒಂದು ಹಿಡಿ ಒಣ ಹೆಸರುಕಾಳನ್ನು ಮೊಳಕೆ ಬರಿಸಿದರೆ 10ರಿಂದ 12, ಮೂರು ಜೋಳದ ರೊಟ್ಟಿಯಿಂದ 15ರ ಆಸುಪಾಸು, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಎರಡು ಚಮಚ ಶೇಂಗಾ ಹಿಂಡಿಯಿಂದ 4 ಅಥವಾ 5. ರಾತ್ರಿಯ ಗಂಜಿ ಹೋಗಿ ರೊಟ್ಟಿ ಬೇಳೆ ಬಂತು. ಸಕ್ಕರೆ ಚಹಾ ಮತ್ತು ಕರಿದದ್ದು ಮಾತ್ರ ಹಿಂದಿರುಗಲಿಲ್ಲ.

ವ್ಯಾಯಾಮದಲ್ಲಿ ಊರಿನ ಬಿಸಿಲನ್ನು ಮರೆತು ಸಲಹೆ ಕೊಡಲಾಗದು. ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನದ ಊಟದ ಮೇಲೆ ರಸ್ತೆಯಲ್ಲಿ ನಡೆಯಿರಿ ಎಂದರೆ ಯಾರೂ ನಡೆಯಲಾರರು. ಮಿಲ್ಲಿನ ಗೋದಾಮು ಉದ್ದವಾದದ್ದು, ನೆರಳಿದೆ. ಉಂಡ ಅರ್ಧ ಗಂಟೆಯೊಳಗೆ ಅಲ್ಲಿಯೇ 15 ನಿಮಿಷ, ರಾತ್ರಿ ಊಟದ ನಂತರ ಮನೆಯ ಹತ್ತಿರ 15 ನಿಮಿಷ, ರಜೆಯ ದಿನ ಕಲಬುರಗಿಯ ಅಪ್ಪನ ಕೆರೆಯ ದಂಡೆ. ವಾರಕ್ಕೆ ಮೂರು ದಿನ ಭಾರದ ಕೆಲಸ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಮಿಲ್ಲಿನ ಮೂಲೆಯಲ್ಲಿ ಬಿದ್ದಿದ್ದ 5 ಕಿಲೋದ ಕಬ್ಬಿಣದ ತೂಕದ ಕಲ್ಲುಗಳು ಅದಕ್ಕೆ ಸಿಕ್ಕವು. ಕುರ್ಚಿಯಿಂದ ಎದ್ದು ಕೂರುವುದು ಮೊದಲು ಬರಿಗೈಯಲ್ಲಿ, ಆಮೇಲೆ ಒಂದು ಕಲ್ಲನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಕೈ ಊರಿ ಒತ್ತುವುದು, ಬಾಗಿ ಕಲ್ಲನ್ನು ಪಕ್ಕೆಗೆ ಎಳೆಯುವುದು, ಹಿಮ್ಮಡಿ ಎತ್ತುವುದು. ಪ್ರತಿಯೊಂದೂ 10ರಿಂದ 12 ಸಲ, ಮೂರು ಸುತ್ತು. ಸ್ನಾಯು ದುಡಿದ ಪ್ರಭಾವ ಒಂದೆರಡು ದಿನ ಮಾತ್ರ ಉಳಿಯುವುದರಿಂದ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡವೆಂದು ಕೆಳಗೆ ಗೆರೆ ಎಳೆದು ಬರೆದೆ.

ಡಿಸೆಂಬರ್ ಮೊದಲ ವಾರಕ್ಕೆ ತೂಕ 58.5 ಕಿಲೋ, ಅಂದರೆ ಮೇ ತಿಂಗಳಿಗಿಂತ 2.5 ಹೆಚ್ಚು. ಸೊಂಟ 86.5. ತೊಡೆ 47.5. ಹಿಡಿತ 33, ಐದು ಸಲ ಎದ್ದು ಕೂರಲು 9.4 ಸೆಕೆಂಡು. ಬೆಲ್ಟು ಐದನೆಯ ತೂತಿಗೆ ಬಂದಿತ್ತು. ಬರಿಹೊಟ್ಟೆಯ ಗ್ಲೂಕೋಸ್ 102, ಮೇ ತಿಂಗಳಲ್ಲಿ ಉಂಡಷ್ಟೇ ಉಂಡ ಮೇಲೆ 151, ಎಚ್‌ಬಿಎ1ಸಿ 6.3, ಟ್ರೈಗ್ಲಿಸರೈಡ್ 149, ಎಚ್‌ಡಿಎಲ್ 39. ತೂಕ ಏರಿ ಸಕ್ಕರೆ ಇಳಿದದ್ದನ್ನು ಅವರು ತಮ್ಮ ಲೆಕ್ಕದ ವಹಿಯ ಹಿಂಬದಿಯಲ್ಲಿ ಎರಡು ಸಾಲು ಮಾಡಿ ಬರೆದು ತಂದಿದ್ದರು. ಹಿಡಿತದ ಅಳತೆ ಅಭ್ಯಾಸದಿಂದಲೂ ಸ್ವಲ್ಪ ಏರುತ್ತದೆ, ಟೇಪು ಒಂದು ಬೆರಳು ಆಚೀಚೆ ಆಗಬಹುದು. ಎಲ್ಲ ಅಳತೆಗಳೂ ಒಂದೇ ದಿಕ್ಕಿಗೆ ಸಾಗಿರುವುದರಿಂದ ನಾನು ಇವನ್ನು ನಂಬುತ್ತೇನೆ. ಕಾಯಿಲೆ ಹಿಂದೆ ಸರಿದಿದೆ ಎಂದು ಮಾತ್ರ ಬರೆದಿಲ್ಲ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳು ಎಚ್‌ಬಿಎ1ಸಿ 6.5ರ ಒಳಗಿದ್ದರೆ ಆ ಮಾತು ಬಳಸಬಹುದು. ಇವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಅದೇ ಭೇಟಿಯಲ್ಲಿ ಅವರ 17 ವರ್ಷದ ಮಗನ ಸೊಂಟವನ್ನೂ ಅಳೆದೆ. ಮಧುಮೇಹಿಗಳ ಮಕ್ಕಳಲ್ಲಿ, ತೆಳ್ಳಗಿದ್ದು ಸಕ್ಕರೆ ಸಹಜವಾಗಿದ್ದಾಗಲೇ, ಸ್ನಾಯುವಿನೊಳಗೆ ಕೊಬ್ಬು ಸೇರಿ ಇನ್ಸುಲಿನ್ ಪ್ರತಿರೋಧ ಶುರುವಾಗಿರುವುದನ್ನು ಯೇಲ್‌ನ ಅದೇ ತಂಡ 2004ರಲ್ಲಿ ತೋರಿಸಿದೆ. ಹುಡುಗನ ತೂಕ 54 ಕಿಲೋ, ಸೊಂಟ 83. ಪರೀಕ್ಷೆಗಳ ಓದಿನ ಹೆಸರಿನಲ್ಲಿ ಎರಡು ವರ್ಷದಿಂದ ಮೈದಾನಕ್ಕೆ ಇಳಿದಿಲ್ಲ. ಅವನಿಗೆ ರಕ್ತ ಪರೀಕ್ಷೆಗಿಂತ ಮೊದಲು ಮೈದಾನ ಬರೆದುಕೊಟ್ಟೆ.

ಡಿಸೆಂಬರ್ ನಡುವಿನಿಂದ ತೊಗರಿಯ ಆವಕ ಶುರುವಾಯಿತು. ಆ ದಿನಗಳಲ್ಲಿ ಮುನೀಮರಿಗೆ ರಾತ್ರಿ 10ರವರೆಗೆ ಕೂತ ಜಾಗದಿಂದ ಏಳಲು ಆಗುವುದಿಲ್ಲ. ಗೋದಾಮು ಚೀಲಗಳಿಂದ ತುಂಬಿ ನಡೆಯಲು ದಾರಿ ಇಲ್ಲ. ಐದು ವಾರ ನಡಿಗೆಯೂ ಭಾರದ ಕೆಲಸವೂ ನಿಂತವು. ಊಟ ಮತ್ತು ಮಾತ್ರೆ ಮಾತ್ರ ತಪ್ಪಲಿಲ್ಲ. ಜನವರಿಯ ಕೊನೆಗೆ ಬಂದಾಗ ತೂಕದಲ್ಲಿ ಬದಲಾವಣೆ ಇರಲಿಲ್ಲ, ಬರಿಹೊಟ್ಟೆಯಲ್ಲಿ 105, ಊಟದ ನಂತರ 189. ಹಿಂದಿನ ವರ್ಷ ಲಿವರ್ ಸುಧಾರಿಸಿ ಸ್ನಾಯು ಹಿಂದೆ ಬಿದ್ದದ್ದನ್ನು ತೋರಿಸಿದ ಅದೇ ಎರಡು ಸಂಖ್ಯೆಗಳು ಈ ಸಲವೂ ಬೇರೆ ಬೇರೆಯಾಗಿಯೇ ಮಾತಾಡಿದವು. ಕೆಲಸ ಮತ್ತೆ ಶುರುವಾಗಿ ನಾಲ್ಕು ವಾರಕ್ಕೆ ಎರಡನೆಯದು 157ಕ್ಕೆ ಬಂತು. ಮುಂದಿನ ಸುಗ್ಗಿಗೆ ಈಗಲೇ ಮಾತಾಗಿದೆ: ಮಿಲ್ಲಿನ ಮಾಲೀಕರನ್ನು ಒಪ್ಪಿಸಿ ಎರಡು ತೂಕದ ಕಲ್ಲುಗಳನ್ನು ಗಾದಿಯ ಪಕ್ಕದಲ್ಲಿಯೇ ಇಡಿಸಿದ್ದಾರೆ, ಲಾರಿಯಿಂದ ಲಾರಿಗೆ ಸಿಗುವ ಬಿಡುವಿನಲ್ಲಿ ಹತ್ತು ಸಲ ಎದ್ದು ಕೂರುತ್ತೇನೆಂದು ಒಪ್ಪಿದ್ದಾರೆ. ಮೆಟ್‌ಫಾರ್ಮಿನ್ ಪ್ರಮಾಣ ಹಾಗೆಯೇ ಇದೆ.